ತಮಗೆ ತಾವೇ ತೆರಿಗೆ ಹಾಕಿಕೊಂಡವರು

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟವನ್ನು ಹತ್ತಿ, ಗೊಮ್ಮಟನ ದರ್ಶನ ಮಾಡಿ, ಏದುಸಿರು ಬಿಡುತ್ತ ಇಳಿದು, ಕಲ್ಯಾಣಿಯ ಬಳಿ ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಚಿಕ್ಕಬೆಟ್ಟದ ಹಿಂದೆ ಮೈಲಿಯಷ್ಟು ದೂರದಲ್ಲಿರುವ ಜಿನನಾಥಪುರದವರೆಗೆ ಕಾಲು ಹಾಕುವವರು ವಿರಳ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಹನ್ನೆರಡನೆಯ ಶತಮಾನದ ಆದಿಯಲ್ಲಿ ನೆಲೆಗೊಳಿಸಿದ ಊರು ಅದು. ದಂಡನಾಯಕ ರೇಚಣನು ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಗೋಡೆಯನ್ನು ನೋಡಿದವರು, ಬೆಳಗೊಳದ ಬಸದಿಗಳು ಇದರ ಮುಂದೆ ಎಷ್ಟು ಸಾದಾ ಎಂದುಕೊಳ್ಳದೆ ಇರಲಾರರು. ಆದರೆ ಈ ಹೊತ್ತು ನಾನು ಬರೆಯಹೊರಟದ್ದು ಶಿಲ್ಪದ ಮಾತಲ್ಲ, ದುಡ್ಡಿನ ಮಾತು.

ಕ್ರಿ. ಶ. 1288ರಲ್ಲಿ, ಮುಮ್ಮಡಿ ನರಸಿಂಹನು ಹೊಯ್ಸಳ ಸಿಂಹಾಸನದಲ್ಲಿದ್ದಾಗ, ಬೆಳಗೊಳದ ಮತ್ತು ಜಿನನಾಥಪುರದ ಮಾಣಿಕ್ಯ ನಗರರು, ಎಂದರೆ ರತ್ನದ ವ್ಯಾಪಾರಿಗಳು, ತಮ್ಮತಮ್ಮೊಳಗೆ ಒಡಂಬಟ್ಟು ಒಂದು ಶಾಸನ ಬರೆಸಿದರು. ನಗರ ಜಿನಾಲಯದ ಆದಿದೇವರ ಗುಡಿಯ ಜೀರ್ಣೋದ್ಧಾರಕ್ಕಾಗಿ, ಸ್ವದೇಶದವರಿಂದಾಗಲಿ ಪರದೇಶದವರಿಂದಾಗಲಿ ಬಂದ ಹಣದಲ್ಲಿ ನೂರು ಗದ್ಯಾಣಕ್ಕೆ ಒಂದು ಗದ್ಯಾಣ ಕೊಡತಕ್ಕದ್ದು. ಇದರಲ್ಲಿ ಇಲ್ಲವೆಂದವನು, ಬಚ್ಚಿಟ್ಟವನು ನಿಸ್ಸಂತಾನನಾಗುವನು. ಅವನು ದೇವದ್ರೋಹಿ, ರಾಜದ್ರೋಹಿ, ಸಮಯದ್ರೋಹಿ. ಇಷ್ಟೇ ಅದರ ತಾತ್ಪರ್ಯ.

ಈ ಶಾಪದ ಮಹತ್ತ್ವ ತಿಳಿಯಬೇಕಾದರೆ ಉಳಿದ ಶಾಸನಗಳ ಶಾಪ ಯಾರ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಸರ್ವಮಾನ್ಯ’, ‘ಸರ್ವಬಾಧಾಪರಿಹಾರ’ ಎಂಬ ಮಾತುಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಕೊಟ್ಟ ಭೂಮಿಗೆ ಸಿದ್ಧಾಯವಿಲ್ಲ, ಸುಂಕವಿಲ್ಲ ಎಂದು ಅರ್ಥ. ಆ ಕಾಲದ ತೆರಿಗೆಗಳು ಅಲ್ಪವಲ್ಲ: ಮಗ್ಗಕ್ಕೆ ತೆರಿಗೆ, ಗಾಣಕ್ಕೆ ತೆರಿಗೆ, ಮದುವೆಗೆ ಸುಂಕ, ‘ಅನ್ಯಾಯ’ ಎಂಬ ಹೆಸರಿನದೇ ಒಂದು ಬಾಬು ಹೊಯ್ಸಳರ ಪಟ್ಟಿಯಲ್ಲಿದೆ. ಪಾಪ, ಹೆಸರಿಟ್ಟ ಶಾನುಭೋಗನು ಸತ್ಯವಂತನೇ ಇರಬೇಕು! ಇಂಥ ಹೊರೆಯಿಂದ ಬಿಡುಗಡೆ ಪಡೆದ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಶಾಸನ ಹೆದರಿಸುತ್ತದೆ. ಎಂದರೆ ಶಾಪ ತೆರಿಗೆ ತಪ್ಪಿಸಿಕೊಂಡವನಿಗಲ್ಲ, ತೆರಿಗೆ ಕೇಳಲು ಬಂದವನಿಗೆ.

ಈ ಬಿಡುಗಡೆ ಅಕ್ರಮವೇನಲ್ಲ. ಗಂಗರಾಜನು ಚಾಲುಕ್ಯರ ದಂಡನ್ನು ಕಣ್ಣೇಗಾಲದಲ್ಲಿ ಸದೆಬಡಿದು ಬಂದಾಗ, ಮೆಚ್ಚಿದೆ, ಬೇಡೆಂದ ದೊರೆಯಿಂದ ಪರಮ ಗ್ರಾಮವನ್ನು ಬೇಡಿ ಪಡೆದು, ತನ್ನ ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟನು. ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಬಸದಿಗೆ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ಕೊಟ್ಟನು. ಅರಸನ ಬೊಕ್ಕಸಕ್ಕೆ ಬರಬೇಕಾದದ್ದು ಪೂಜೆಗೆ, ಆಹಾರದಾನಕ್ಕೆ ಹೋಯಿತು. ಕೊಟ್ಟವನು ಅರಸ, ಪಡೆದದ್ದು ಧರ್ಮ. ಇದರಲ್ಲಿ ತಪ್ಪು ಹುಡುಕುವುದು ಕೊಂಕು.

ತೊಡಕು ಆಮೇಲೆ ಬಂದಿತು. 1634ರ ಹೊತ್ತಿಗೆ ಬೆಳಗೊಳದ ದೇವರ ಭೂಮಿಗಳನ್ನು ಸ್ಥಾನಿಕರು ವರ್ತಕ ಗೃಹಸ್ಥರಿಗೆ ಅಡವಿಟ್ಟಿದ್ದರು. ಧರ್ಮಕ್ಕೆಂದು ಬಿಟ್ಟ ನೆಲದ ಫಲವನ್ನು ಸಾಲಕೊಟ್ಟವರು ಉಣ್ಣುತ್ತಿದ್ದರು. ದೇವರ ಪೂಜೆ ಬಡವಾಗಿತ್ತು. ಪತ್ರವುಂಟು, ಸಾಕ್ಷಿಯುಂಟು, ಸಾಲ ನಿಜವಾದದ್ದೇ. ಕಾನೂನಿನ ಮಾತಿನಲ್ಲಿ ಯಾರೂ ಕಳ್ಳರಲ್ಲ. ಮೈಸೂರಿನ ಚಾಮರಾಜ ಒಡೆಯರು ಸಾಲಗಾರರನ್ನು ಕರೆಸಿ, ನಿಮ್ಮ ಹಣವನ್ನು ನಾವೇ ತೀರಿಸುತ್ತೇವೆ ಎಂದರು. ಆ ಮಾತು ಕೇಳಿ ವರ್ತಕರಿಗೆ ಏನನ್ನಿಸಿತೋ, ತಂದೆತಾಯಿಗಳಿಗೆ ಪುಣ್ಯವಾಗಲೆಂದು ಸಾಲವನ್ನೇ ಬಿಟ್ಟುಕೊಟ್ಟರು. ಇನ್ನು ಮುಂದೆ ಈ ಭೂಮಿಯನ್ನು ಅಡವಿಡುವವನೂ ಅಡವು ಹಿಡಿಯುವವನೂ ಸಮಾಜದಿಂದ ಹೊರಗು ಎಂದು ಶಾಸನವಾಯಿತು. ಅಡವಿಟ್ಟವನೊಬ್ಬನನ್ನೇ ಅಲ್ಲ, ಪತ್ರ ಬರೆಸಿಕೊಂಡವನನ್ನೂ ಸೇರಿಸಿದ್ದು ನೋಡಿ. ಮಾನ್ಯಗಳ ಕಥೆ ನಮ್ಮ ರಾಜ್ಯದಲ್ಲಿ 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯಿದೆಗಳೊಡನೆ ಮುಗಿಯಿತೆನ್ನಬಹುದು. ಬುದ್ಧಿಯ ಕಥೆ ಮುಗಿಯಲಿಲ್ಲ.

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದಾನಶ್ರದ್ಧೆಯೂ ವಿಮಾಶ್ರದ್ಧೆಯೂ ಒಟ್ಟಿಗೆ ಉಕ್ಕುವುದನ್ನು ನಾನು ಬಹುಕಾಲ ಕಂಡಿದ್ದೇನೆ. ನನ್ನ ಮನೆಯೂ ಅದಕ್ಕೆ ಹೊರತಲ್ಲ. ಸರ್ಕಾರವೇ ತೆರೆದಿಟ್ಟ ಬಾಗಿಲಿನಲ್ಲಿ ಹೋಗುವುದಕ್ಕೆ ನಾಚಿಕೆಯೇಕೆ ಎಂಬ ವಾದ ಸರಿಯೇ. ಬಾಗಿಲು ಯಾವುದು, ಗೋಡೆಯಲ್ಲಿನ ಬಿರುಕು ಯಾವುದು ಎಂಬಲ್ಲಿ ಜಗಳ. ವೆಸ್ಟ್‌ಮಿನ್‌ಸ್ಟರಿನ ಡ್ಯೂಕನು ತನ್ನ ತೋಟದವನಿಗೆ ಸಂಬಳವೆನ್ನದೆ ಕರಾರು ಪತ್ರದ ಮೂಲಕ ವರ್ಷಾಶನವೆಂದು ಹಣ ಕೊಟ್ಟು ತೆರಿಗೆ ಉಳಿಸಿಕೊಂಡಾಗ, ಇಂಗ್ಲೆಂಡಿನ ಉಚ್ಚತಮ ಪೀಠ ಅವನ ಪರವಾಗಿ ನಿಂತಿತು. ತೆರಿಗೆ ಕಡಿಮೆಯಾಗುವಂತೆ ತನ್ನ ವ್ಯವಹಾರವನ್ನು ಹೊಂದಿಸಿಕೊಳ್ಳಲು ಪ್ರತಿಯೊಬ್ಬನಿಗೂ ಹಕ್ಕಿದೆಯೆಂಬ ತತ್ತ್ವ ಅಲ್ಲಿಂದ ನಮ್ಮ ನ್ಯಾಯಾಲಯಗಳಿಗೂ ಬಂದಿತು. 1985ರ ಮ್ಯಾಕ್‌ಡವೆಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಇಂಥ ಉಪಾಯಗಳ ಹೊರೆ ಕೊನೆಗೆ ಪ್ರಾಮಾಣಿಕನ ಹೆಗಲಿಗೇ ಬೀಳುವುದನ್ನು ಕಂಡು ಅದನ್ನು ಕಟುವಾಗಿ ಖಂಡಿಸಿದರು. 2003ರಲ್ಲಿಯೂ 2012ರ ವೊಡಾಫೋನ್ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟು ಮತ್ತೆ ಹಳೆಯ ತತ್ತ್ವದತ್ತ ವಾಲಿತು. ತೆರಿಗೆ ತಪ್ಪಿಸುವುದೇ ಮುಖ್ಯ ಉದ್ದೇಶವಾದ ಏರ್ಪಾಟುಗಳನ್ನು ಮನ್ನಿಸಬೇಕಾಗಿಲ್ಲವೆಂಬ ಸಾಮಾನ್ಯ ನಿಯಮ 2017ರ ಏಪ್ರಿಲಿನಿಂದ ಜಾರಿಗೆ ಬಂದಿತು.

ಮತ್ತೆ ನಮ್ಮ ಮಾಣಿಕ್ಯ ನಗರರ ಕಡೆಗೆ ಬರೋಣ. ಅವರು ಶಪಿಸಿದ್ದು ಇಬ್ಬರನ್ನು: ಇಲ್ಲವೆಂದವನನ್ನು, ಬಚ್ಚಿಟ್ಟವನನ್ನು. ಇಲ್ಲವೆನ್ನದೆ, ಬಚ್ಚಿಡದೆ, ಲೆಕ್ಕವನ್ನು ಬೇರೆ ಕಡೆಗೆ ತಿರುಗಿಸುವ ಮೂರನೆಯ ಜಾಣನ ಹೆಸರೇ ಅಲ್ಲಿಲ್ಲ. ವ್ಯಾಪಾರಿಗಳೇ ಆದ ಅವರಿಗೆ ಅಂಥವನ ಪರಿಚಯವಿರಲಿಲ್ಲವೆಂದು ನಾನು ನಂಬಲಾರೆ. ರತ್ನದಷ್ಟು ಸುಲಭವಾಗಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬಹುದಾದ ಸರಕು ಇನ್ನಾವುದಿದೆ? ಬೆಳಗೊಳದಲ್ಲಿ ಮಾತ್ರ ಈ ಕಟ್ಟಳೆಯಿದ್ದಿದ್ದರೆ, ಕೊಳ್ಳುವವನನ್ನು ಬೆಟ್ಟದ ಹಿಂದೆ ಒಂದು ಮೈಲಿ ನಡೆಸಿಕೊಂಡು ಹೋಗಿ ಜಿನನಾಥಪುರದಲ್ಲಿ ವ್ಯಾಪಾರ ಕುದುರಿಸಿದರೆ ಆಯಿತು. ಸುಳ್ಳೂ ಇಲ್ಲ, ಬಚ್ಚಿಟ್ಟದ್ದೂ ಇಲ್ಲ. ಈ ಹಣ ಊರಿನವನದಲ್ಲ, ಪರದೇಶದವನದು ಎಂದು ವಾದಿಸಬಹುದಿತ್ತು. ಎರಡು ಊರಿನವರೂ ಒಂದೇ ಶಾಸನಕ್ಕೆ ಒಡಂಬಟ್ಟದ್ದು, ಸ್ವದೇಶಿ ಪರದೇಶಿ ಎಂದು ಎರಡನ್ನೂ ಬಿಡಿಸಿ ಬರೆಸಿದ್ದು ಇದಕ್ಕೇ ಎಂದು ನನಗೆ ತೋರುತ್ತದೆ. ಒಪ್ಪಂದವಾದ ದಿನ ಆ ವರ್ತಕರು ಎದುರುಬದುರು ಕುಳಿತು, ಯಾರು ಯಾವ ದಾರಿಯಲ್ಲಿ ನುಣುಚಿಕೊಂಡಾರೆಂದು ತಮ್ಮ ತಮ್ಮ ಮನಸ್ಸನ್ನೇ ಕೇಳಿಕೊಂಡು, ಒಂದೊಂದೇ ದಾರಿಯನ್ನು ಮುಚ್ಚುತ್ತ ಬಂದಿರಬೇಕು.