ಕಂಪ್ಯೂಟರಿನ ಸೀರಿಯಲ್ ಪೋರ್ಟ್ ಮೂಲಕ ಮೈಕ್ರೋಕಂಟ್ರೋಲರ್ ರೀಸೆಟ್ ಮಾಡುವ ವಿಧಾನ

ಬೂಟ್‌ಲೋಡರ್ ಮುಖಾಂತರ ಮೈಕ್ರೋಕಂಟ್ರೋಲರ್‌ಗೆ ಹೊಸ ಪ್ರೋಗ್ರಾಂ ತುಂಬುವ ಮುನ್ನ ಅದನ್ನು ರೀಸೆಟ್ ಮಾಡುವುದು ಅವಶ್ಯಕ. ಪ್ರತಿ ಬಾರಿ ಗುಂಡಿ ಒತ್ತುವ ಬದಲು, ಸೀರಿಯಲ್ ಪೋರ್ಟ್‌ನ ಡಿಟಿಆರ್ ಸಂಕೇತದಿಂದ ಈ ಕಾರ್ಯವನ್ನು ನೆರವೇರಿಸಬಹುದಾಗಿದೆ. ಸಾರ್ವಜನಿಕರ ಮಾಹಿತಿಗಾಗಿ ಎಟಿಮೆಗಾ328ಪಿ ಚಿಪ್ ಹಾಗೂ ಆರ್ಡುಯಿನೋ ಊನೋ ಬೋರ್ಡ್‌ಗಳ ಉದಾಹರಣೆಯೊಂದಿಗೆ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

1. ವೋಲ್ಟೇಜ್ ಹೊಂದಾಣಿಕೆ
ಹಳೆಯ 9 ಪಿನ್‌ಗಳ ಆರ್‌ಎಸ್-232 ಪೋರ್ಟ್‌ನಲ್ಲಿ 4ನೇ ಪಿನ್ ಡಿಟಿಆರ್, 5ನೇ ಪಿನ್ ಗ್ರೌಂಡ್ ಆಗಿರುತ್ತದೆ. ಇದರ ಸಂಕೇತಗಳು ಧನ ಅಥವಾ ಋಣ 3ರಿಂದ 15 ವೋಲ್ಟ್‌ಗಳಷ್ಟಿರುವುದರಿಂದ ಚಿಪ್‌ಗೆ ನೇರವಾಗಿ ಜೋಡಿಸಕೂಡದು. ಜೋಡಿಸಿದಲ್ಲಿ ಚಿಪ್ ಹಾಳಾಗಬಹುದು. ಮ್ಯಾಕ್ಸ್232ನಂತಹ ಪರಿವರ್ತಕವನ್ನು ಬಳಸತಕ್ಕದ್ದು. 5 ವೋಲ್ಟ್‌ನ ಯುಎಸ್‌ಬಿ-ಸೀರಿಯಲ್ ಪರಿವರ್ತಕ ಬಳಸುವವರಿಗೆ ಇದರ ಅಗತ್ಯವಿರುವುದಿಲ್ಲ.

2. ಜೋಡಣೆಯ ಕ್ರಮ
ಅ) ಪರಿವರ್ತಕದ ಡಿಟಿಆರ್ ಮತ್ತು ಚಿಪ್‌ನ ರೀಸೆಟ್ ಪಿನ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಳವಡಿಸುವುದು.
ಆ) ರೀಸೆಟ್ ಪಿನ್‌ನಿಂದ 5 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಜೋಡಿಸುವುದು.
ಇ) ಎರಡೂ ಸಾಧನಗಳ ಗ್ರೌಂಡ್ ತಂತಿಗಳನ್ನು ಒಂದುಗೂಡಿಸುವುದು.

3. ಕಾರ್ಯವಿಧಾನ
ಪೋರ್ಟ್ ತೆರೆದಾಗ ಸಾಮಾನ್ಯವಾಗಿ ಡಿಟಿಆರ್ ಸಕ್ರಿಯಗೊಂಡು, ಪರಿವರ್ತಕದ ಕಡೆಯಲ್ಲಿ ಸೊನ್ನೆ ವೋಲ್ಟ್‌ಗೆ ಇಳಿಯುತ್ತದೆ. ಕೆಪಾಸಿಟರ್ ಈ ಇಳಿಕೆಯನ್ನು ಸುಮಾರು ಒಂದು ಮಿಲಿಸೆಕೆಂಡ್‌ನ ಅಲ್ಪ ಸಂಕೇತವಾಗಿ ರೀಸೆಟ್ ಪಿನ್‌ಗೆ ದಾಟಿಸುತ್ತದೆ. ಚಿಪ್‌ಗೆ ಬೇಕಾದ ಅವಧಿ ಕೇವಲ 2.5 ಮೈಕ್ರೋಸೆಕೆಂಡ್ ಆಗಿರುವುದರಿಂದ ಇದು ಸಾಕಾಗುತ್ತದೆ. ಕೆಪಾಸಿಟರ್ ಇಲ್ಲದೆ ನೇರವಾಗಿ ಜೋಡಿಸಿದಲ್ಲಿ, ಡಿಟಿಆರ್ ಸಕ್ರಿಯವಾಗಿರುವವರೆಗೂ ಚಿಪ್ ರೀಸೆಟ್ ಸ್ಥಿತಿಯಲ್ಲಿಯೇ ಉಳಿದು, ಪ್ರೋಗ್ರಾಂ ನಡೆಯುವುದಿಲ್ಲ.

4. ವಿಶೇಷ ಎಚ್ಚರಿಕೆ
ನೀರಿನ ಪಂಪ್ ನಿಯಂತ್ರಣ, ತಾಪಮಾನ ದಾಖಲೆ ಮುಂತಾದ ಕೆಲಸದಲ್ಲಿ ತೊಡಗಿರುವ ಸಾಧನದ ವಿವರಗಳನ್ನು ನೋಡಲು ಪೋರ್ಟ್ ತೆರೆದರೂ ಸಾಧನವು ರೀಸೆಟ್ ಆಗಬಹುದು. ಆಗ ಪ್ರೋಗ್ರಾಂ ಮೊದಲಿನಿಂದ ಆರಂಭಗೊಂಡು, ಅದುವರೆಗಿನ ಎಣಿಕೆಗಳು ಅಳಿದುಹೋಗುತ್ತವೆ. ಔಟ್‌ಪುಟ್ ಪಿನ್‌ಗಳೂ ಆರಂಭಿಕ ಸ್ಥಿತಿಗೆ ಮರಳುತ್ತವೆ. ಇದನ್ನು ತಪ್ಪಿಸಲು:

ಅ) ಊನೋ ಬೋರ್ಡ್‌ನಲ್ಲಿ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಬಹುದು. ಧನ ತುದಿ ರೀಸೆಟ್ ಕಡೆಗಿರತಕ್ಕದ್ದು. ಹೊಸ ಪ್ರೋಗ್ರಾಂ ತುಂಬುವ ಮುನ್ನ ಇದನ್ನು ತೆಗೆಯತಕ್ಕದ್ದು.
ಆ) ಶಾಶ್ವತ ಬಳಕೆಗಾಗಿ ಬೋರ್ಡ್ ಮೇಲೆ ‘ರೀಸೆಟ್-ಇಎನ್’ ಎಂದು ಗುರುತಿಸಿರುವ ತಾಮ್ರದ ಗೆರೆಯನ್ನು ಕತ್ತರಿಸಬಹುದು. ಅಗತ್ಯವೆನಿಸಿದಲ್ಲಿ ಬೆಸುಗೆಯಿಂದ ಪುನಃ ಕೂಡಿಸಬಹುದು.
ಇ) ಮುಖ್ಯ ಎಣಿಕೆಗಳನ್ನು ಚಿಪ್‌ನ 1024 ಬೈಟ್‌ಗಳ ಈಪ್ರಾಮ್ ಸ್ಮೃತಿಯಲ್ಲಿ ಆಗಾಗ್ಗೆ ಉಳಿಸುವುದು.

ಸಾಧನವನ್ನು ಕೆಲಸಕ್ಕೆ ಅಳವಡಿಸುವ ಮೊದಲು, ಪೋರ್ಟ್ ಅನ್ನು ಹಲವು ಬಾರಿ ತೆರೆದು ಮುಚ್ಚಿ, ಎಣಿಕೆ ಮುಂದುವರಿಯುತ್ತಿರುವುದನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.