ಕರ್ಬುನದ ಮೂಲ: ಹೊಸೂರು–ಕೃಷ್ಣಗಿರಿ ಸೀಮೆಯ ಕಬ್ಬಿಣಶಿಲೆಗಳ ಗುರುತು

ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಉತ್ಖನನದ ಕಾಲನಿರ್ಣಯವು 2022ರಲ್ಲಿ ಪ್ರಕಟವಾದಾಗ, ತಮಿಳುನಾಡಿನಲ್ಲಿ ಕಬ್ಬಿಣದ ಬಳಕೆಯ ಕಾಲವು ಕ್ರಿ.ಪೂ. 2172ರವರೆಗೆ ಹಿಂದೆ ಸರಿಯಿತು. ಕಾಲದ ಪ್ರಶ್ನೆಯ ಬೆನ್ನಿಗೇ ಅದಿರಿನ ಪ್ರಶ್ನೆಯೂ ಏಳುತ್ತದೆ. ಗಣಿಯ ಕುಳಿಗಳು ಕಾಣದ ಕಡೆ ಅದಿರು ಹೊರಗಿನಿಂದ ಬಂದಿರಬೇಕೆಂದು ಊಹಿಸುವುದು ಸುಲಭ. ಆ ಊಹೆಯ ಬಲಾಬಲವು ಶಿಲೆಯನ್ನು ಸರಿಯಾಗಿ ಗುರುತಿಸುವುದನ್ನು ಅವಲಂಬಿಸಿದೆ.

ಕೆಂಪು ಬಣ್ಣವನ್ನು ನಂಬಿ ಹೊರಟವರು ಮೊದಲು ಎಡವುವುದು ಮುರಕಲ್ಲಿನಲ್ಲಿ. 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇದರಲ್ಲಿ ಕಬ್ಬಿಣದ ಅಂಶ ಹೇರಳವಾಗಿದ್ದರೂ ಇದು ನೀರಿನ ತಳದಲ್ಲಿ ಪದರಪದರವಾಗಿ ಕೂಡಿದ ಜಲಜಶಿಲೆಯಲ್ಲ. ಬಿಸಿಲು ಮಳೆಗಳಿಗೆ ಮೂಲಶಿಲೆ ಇದ್ದಲ್ಲಿಯೇ ಶಿಥಿಲಗೊಂಡು ಉಳಿದ ಶೇಷ.

ನಿಜವಾದ ಜಲಜಮೂಲದ ಕಬ್ಬಿಣಶಿಲೆ ಬೇರೆ ವೇಷದಲ್ಲಿದೆ. 250 ಕೋಟಿ ವರ್ಷಗಳಿಗೂ ಹಿಂದೆ, ಆಮ್ಲಜನಕ ವಿರಳವಾಗಿದ್ದ ಕಡಲುಗಳಲ್ಲಿ ಕರಗಿದ್ದ ಕಬ್ಬಿಣವು ತಳಕ್ಕಿಳಿದು, ಸಿಲಿಕದೊಡನೆ ಪಟ್ಟೆಪಟ್ಟೆಯಾಗಿ ಗಟ್ಟಿಗೊಂಡಿತು. ಬಾಬಾಬುಡನ್ ಮತ್ತು ಸಂಡೂರಿನ ಬೆಟ್ಟಗಳಲ್ಲಿ ಆ ಪಟ್ಟೆಗಳು ಇಂದಿಗೂ ಸ್ಪಷ್ಟ. ಕೃಷ್ಣಗಿರಿಯಿಂದ ಧರ್ಮಪುರಿಯ ಕಡೆಗೆ ಸಾಗಿದಂತೆ ಶಿಲೆಗಳು ಅನುಭವಿಸಿದ ಶಾಖ, ಒತ್ತಡಗಳು ಹೆಚ್ಚುತ್ತವೆ. ಸೇಲಂ ಬಳಿಯ ಕಂಜಮಲೈ ತಲುಪುವ ವೇಳೆಗೆ ಅದೇ ಬಗೆಯ ಕಡಲತಳದ ಕೆಸರು ಹರಳುಗಟ್ಟಿದ ಮ್ಯಾಗ್ನಟೈಟ್–ಬೆಣಚು ಶಿಲೆಯಾಗಿದೆ. ಪದರಶಿಲೆಯ ಮೇಲ್ನೋಟ ಅಳಿದಿದೆ, ಹುಟ್ಟು ಅಳಿದಿಲ್ಲ. ಕಪ್ಪು ಬಿಳುಪಿನ ಪರ್ಯಾಯ ಪಟ್ಟೆ, ಕೈಗೆ ಹತ್ತುವ ಭಾರ, ಅಯಸ್ಕಾಂತದ ಸೆಳೆತ ಇವೇ ಅದರ ಕುರುಹುಗಳು. ಒರಟು ಬಿಲ್ಲೆಯ ಮೇಲೆ ಉಜ್ಜಿದರೆ ಹೆಮಟೈಟ್ ಕೆಂಪು ಗೆರೆಯನ್ನೂ ಮ್ಯಾಗ್ನಟೈಟ್ ಕಪ್ಪು ಗೆರೆಯನ್ನೂ ಬಿಡುತ್ತವೆ.

ಇಂಥ ಶಿಲೆಗಳೂ ಮ್ಯಾಗ್ನಟೈಟ್ ಕಣಗಳುಳ್ಳ ಇತರ ಶಿಲೆಗಳೂ ಸವೆದಾಗ ಹಗುರವಾದ ಮಣ್ಣು ಕೊಚ್ಚಿಹೋಗಿ, ಭಾರವಾದ ಕರಿಮರಳು ಹಳ್ಳದ ತಿರುವುಗಳಲ್ಲಿ ತಂಗುತ್ತದೆ. ಬುಕಾನನ್ ಈ ಎರಡೂ ಬಗೆಯ ಅದಿರನ್ನು ದಾಖಲಿಸಿದ್ದಾನೆ: ಚಿಕ್ಕನಾಯಕನಹಳ್ಳಿಯ ಬಳಿ ಬೆಟ್ಟದಿಂದ ತೆಗೆದ ಅದಿರು, ಮಾಗಡಿ ಸೀಮೆಯಲ್ಲಿ ಮಳೆನೀರು ತಂದ ಕರಿಮರಳು. ಮಾಗಡಿಯ ಈ ಸಾಕ್ಷ್ಯ ಇಲ್ಲಿ ಮುಖ್ಯ. ಮರಳನ್ನು ತೊಳೆದು ಕುಲುಮೆಗೆ ಹಾಕುವವರಿಗೆ ಗಣಿ ಬೇಕಿಲ್ಲ. ಅವರ ದುಡಿಮೆಯ ಗುರುತನ್ನು ಮುಂದಿನ ಮಳೆಯೇ ಅಳಿಸುತ್ತದೆ. ಆದುದರಿಂದ ಗಣಿಯ ಅಭಾವವು ಅದಿರಿನ ಅಭಾವಕ್ಕೆ ಪುರಾವೆಯಾಗಲಾರದು. ಶೋಧ ನಡೆಯಬೇಕಾದುದು ಹಳ್ಳಗಳ ಪಾತ್ರದಲ್ಲಿ, ಕಿಟ್ಟದ ರಾಶಿಗಳಲ್ಲಿ.

ಭಾಷೆಯ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ. ಹಳಗನ್ನಡದ ‘ಕರ್ಬುನ’ವೂ ತಮಿಳಿನ ‘ಕರುಂಪೊನ್’ ಎಂಬುದೂ ‘ಕರಿಯ ಪೊನ್’, ಅಂದರೆ ಕಪ್ಪು ಲೋಹ, ಎಂಬ ಒಂದೇ ಕಲ್ಪನೆಯಿಂದ ಬಂದಿವೆ. ಎರಡು ನುಡಿಗಳು ಕೂಡಿ ಬಾಳಿದ ಈ ಸೀಮೆಯಲ್ಲಿ ಅದಿರನ್ನು ಅರಸುವವರಿಗೆ ಆ ಹೆಸರೇ ನೀಡುವ ಎಚ್ಚರಿಕೆಯೊಂದಿದೆ: ನೋಡಬೇಕಾದುದು ಕೆಂಪನ್ನಲ್ಲ, ಕಪ್ಪನ್ನು.