ಎರಡು ರೂಪಾಯಿ ಕೊಟ್ಟು ಸಿನಿಮಾ ಮಾಡಿದವರು ಮತ್ತು ನಮ್ಮ ಮಕ್ಕಳ ಪ್ರಬಂಧ

ಅಹಮದಾಬಾದಿನ ನಮ್ಮ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ಆರೇಳು ಕನ್ನಡದ ಮಕ್ಕಳು ಸೇರ್ತಾರೆ. ವಡೋದರಾ, ಸೂರತ್‌ನಿಂದ ಮೂರ್ನಾಲ್ಕು ಮಕ್ಕಳು ಆನ್‌ಲೈನಲ್ಲಿ ಬರ್ತಾರೆ. ಒಂದು ಸಿನಿಮಾ ನೋಡಿ, ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೀಬೇಕು. ಇಷ್ಟೇ ಪಾಠ.

ಕಳೆದ ತಿಂಗಳು ‘ಮಂಥನ್’ ಕೊಟ್ಟಿದ್ದೆ. ಬಂದ ಒಂಬತ್ತು ಪ್ರಬಂಧಗಳಲ್ಲಿ ಆರು ಒಂದೇ ಥರ ಶುರುವಾಗಿದ್ದವು: ಸಹಕಾರ ಚಳವಳಿಯ ಮಹತ್ವ, ಗ್ರಾಮೀಣ ಸಬಲೀಕರಣ, ಇತ್ಯಾದಿ. ಒಂದು ಕಾಗುಣಿತದ ತಪ್ಪೂ ಇಲ್ಲ! ಯಾರು ಬರೆದದ್ದು ಅಂತ ನಿಮಗೂ ಗೊತ್ತು. ಬೈಯೋಕೆ ಬಾಯಿ ಬರಲಿಲ್ಲ. ಆಫೀಸಿನ ಮೇಲ್‌ಗಳನ್ನ ನಾನೂ ಎಐ ಕೈಲೇ ಬರೆಸ್ತೀನಲ್ಲ? ಹಾಗಾಗಿ ಮಕ್ಕಳಿಗೆ ಆ ಸಿನಿಮಾ ಹುಟ್ಟಿದ ಕತೆ ಹೇಳಿದೆ.

ಅಹಮದಾಬಾದಿನಿಂದ ವಡೋದರಾಕ್ಕೆ ರೈಲಲ್ಲಿ ಹೋಗುವಾಗ ನಡುವೆ ಆನಂದ್ ಸಿಗುತ್ತೆ, ಅಮುಲ್‌ನ ಊರು. 1976ರ ‘ಮಂಥನ್’ಗೆ ದುಡ್ಡು ಹಾಕಿದವರು ಗುಜರಾತಿನ ಹಾಲು ಸಹಕಾರ ಸಂಘಗಳ 5 ಲಕ್ಷ ರೈತರು. ತಲಾ 2 ರೂಪಾಯಿ, ಒಟ್ಟು 10 ಲಕ್ಷ. ನಿರ್ದೇಶನ ಶ್ಯಾಮ್ ಬೆನೆಗಲ್, ಚಿತ್ರಕಥೆ ವಿಜಯ್ ತೆಂಡೂಲ್ಕರ್. ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರು. ಸಿನಿಮಾ ಬಿಡುಗಡೆಯಾದಾಗ ರೈತರು ಲಾರಿಗಳಲ್ಲಿ ಬಂದು ನೋಡಿದರು. ತಾವೇ ಮಾಡಿಸಿದ ಸಿನಿಮಾ ಅಲ್ವಾ! ಮುಂದೆ ಬೇರೆ ರಾಜ್ಯಗಳಲ್ಲಿ ಹೊಸ ಸಂಘ ಕಟ್ಟುವಾಗಲೂ ಇದನ್ನು ಹಳ್ಳಿಗಳಲ್ಲಿ ತೋರಿಸಿದರು.

ಹೆಚ್ಚೂಕಡಿಮೆ ಅದೇ ಹೊತ್ತಿಗೆ, ಅಹಮದಾಬಾದಿನ ಇಸ್ರೋ ಕೇಂದ್ರದವರು ‘ಸೈಟ್’ ಅನ್ನೋ ಉಪಗ್ರಹ ಟಿವಿ ಪ್ರಯೋಗ ನಡೆಸಿದ್ರು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಬರೀ ಟಿವಿ ಇಟ್ಟು ಕೈತೊಳೆದುಕೊಳ್ಳಲಿಲ್ಲ. ಜನ ಏನು ನೋಡಿದ್ರು, ಅವರಿಗೆ ಏನು ಅರ್ಥ ಆಯ್ತು ಅಂತ ಸಂಶೋಧಕರು ಹಳ್ಳಿಗಳಿಗೆ ಹೋಗಿ ಕೇಳಿದ್ರು. ಓದು ಬರಹ ಬಾರದವರ ಮಾತನ್ನೂ ಬರೆದುಕೊಂಡ್ರು.

ನಾನು ಮಕ್ಕಳಿಗೆ ಹೇಳಿದ್ದೂ ಇದೇ: ಪ್ರಬಂಧ ಅಂದ್ರೆ ಆ ಪ್ರಶ್ನೆಗೆ ನಿಮ್ಮ ಉತ್ತರ. ನೀನು ಏನು ನೋಡಿದೆ? ಅದನ್ನ ನಿನ್ನ ಬದಲು ಇನ್ನೊಬ್ಬರು ಹೇಳೋಕಾಗಲ್ಲ.

ಮೊದಲ ಹತ್ತು ನಿಮಿಷವನ್ನು ಎರಡು ಸಲ ಹಾಕಿದೆ, ಎರಡನೇ ಸಲ ಸೌಂಡ್ ಇಲ್ಲದೆ. ಫೋನು ಪಕ್ಕಕ್ಕೆ, ಕೈಯಲ್ಲಿ ಪೆನ್ನು. ರೈಲು, ಸ್ಟೇಷನ್ನು, ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರನ್ನ ನೋಡ್ತಿದ್ದಾರೆ, ಕಂಡಿದ್ದನ್ನಷ್ಟೇ ಬರೀರಿ ಅಂದೆ. ಆಮೇಲೆ ಬೇಕಾದ್ರೆ ಎಐ ಕೇಳಿ, ಆದರೆ ಅದು ಹೇಳಿದ್ದು ಸಿನಿಮಾದಲ್ಲಿ ಇದೆಯಾ ಅಂತ ನೀವೇ ನೋಡಿ.

ಮುಂದಿನ ವಾರ ಒಬ್ಬ ಹುಡುಗ ಅರ್ಧ ಪುಟ ತಂದ. ಹಾಲಿನ ಫ್ಯಾಟ್ ಪರೀಕ್ಷೆ ನೋಡಿ ಹಾಸನದ ಅಜ್ಜಿಗೆ ಫೋನ್ ಮಾಡಿದ್ದನಂತೆ. “ಡಿಗ್ರಿ ಬರ್ಲಿಲ್ಲ ಅಂದ್ರೆ ಡೈರೀಲಿ ಹಾಲು ವಾಪಸ್ ಕಳಿಸ್ತಾರೆ ಕಣೋ ಮಗ, ಒಂದ್ಸಲ ಎಲ್ಲರ ಮುಂದೆ ಕಳಿಸಿದ್ರು” ಅಂದರಂತೆ ಅಜ್ಜಿ. ಅವನು ಬರೆದಿದ್ದ: ‘ಸಿನಿಮಾದಲ್ಲಿ ಪರೀಕ್ಷೆ ಮಾಡುವವರು ಒಳ್ಳೆಯವರು. ಆದರೆ ನಮ್ಮ ಅಜ್ಜಿಗೆ ಅವತ್ತು ಅವಮಾನ ಆಗಿತ್ತು.’

ಎಂಟು ಕಾಗುಣಿತದ ತಪ್ಪು ಇದ್ದವು. ತಿದ್ದಿದೆ. ಆದರೆ ಆ ಎರಡು ಸಾಲು ಮುಟ್ಟಲಿಲ್ಲ.

ನಿಮ್ಮ ಮನೇಲೂ ‘ಮಂಥನ್’ ಹಾಕಿ ನೋಡಿ. ಊರಲ್ಲಿ ಡೈರಿಗೆ ಹಾಲು ಹಾಕಿದವರು ಯಾರಾದ್ರೂ ಇದ್ರೆ ಮಕ್ಕಳ ಕೈಲಿ ಒಂದು ಫೋನ್ ಮಾಡ್ಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.